ಸೋಲಂಗ್ ಅಥವಾ ಸಿಸ್ಸು? ಊರು ಆಮೇಲೆ, ಮೊದಲು ಬೂಟು

ನೀವು ಕೇಳಿದ್ದು ಹೀಗೆ: ದಾವಣಗೆರೆಯಿಂದ ಗಂಡ, ಹೆಂಡತಿ, ಹತ್ತು ವರ್ಷದ ಮಗ. ಡಿಸೆಂಬರ್ ಕೊನೇ ವಾರ, ಮನಾಲಿಯಲ್ಲಿ ಉಳಿದು ಒಂದು ದಿನ ಸ್ಕೀಯಿಂಗ್, ಅಂದರೆ ಕಾಲಿಗೆ ಸ್ಕೀ ಅನ್ನೋ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರೋದು. ಮನಾಲಿ ಹತ್ತಿರದ ಸೋಲಂಗಾ, ಅಟಲ್ ಸುರಂಗ ದಾಟಿ ಆ ಬದಿಯ ಸಿಸ್ಸೂನಾ? ಓದಿದಾಗ ನನ್ನದೇ ಹಳೇ ಪ್ರಶ್ನೆ ಓದಿದ ಹಾಗಾಯ್ತು, ಅದಕ್ಕೇ ಉದ್ದ ಬರೀತಿದ್ದೀನಿ. ಕಲಿಯೋಕೆ ಸೋಲಂಗ್, ನೋಡೋಕೆ ಸಿಸ್ಸು. ಉತ್ತರ ಇಷ್ಟೇ. ಆದರೆ ಊರನ್ನು ಸರಿಯಾಗಿ ಆರಿಸಿಕೊಂಡವರೂ ಅರ್ಧ ಗಂಟೆಯಲ್ಲಿ ಸ್ಕೀ ಬಿಚ್ಚಿಟ್ಟು ಚಹಾ ಅಂಗಡಿಯಲ್ಲಿ ಕೂತಿರ್ತಾರೆ. ಅದಕ್ಕೆ ಕಾರಣ ಊರಲ್ಲ, ಬೂಟು.

ನಮ್ಮ ಕಡೆಯಿಂದ ಹೋಗುವವರಿಗೆ ಆಗೋದು ಹೀಗೆ. ದೆಹಲಿಯಿಂದ ರಾತ್ರಿ ಬಸ್, ಬೆಳಿಗ್ಗೆ ಮನಾಲಿ. ಟ್ಯಾಕ್ಸಿಯವನು ಸೋಲಂಗ್ ದಾರಿಯಲ್ಲಿ ನಂಬರ್ ಬರೆದ ಬಾಡಿಗೆ ಅಂಗಡಿಯೊಂದರ ಮುಂದೆ ನಿಲ್ಲಿಸ್ತಾನೆ. ಸೂಟು, ಕೈಗವಸು, ಗಂಬೂಟು ಅಲ್ಲಿ ಸಿಗುತ್ತೆ. ಇಳಿಜಾರಿನ ಬುಡಕ್ಕೆ ಹೋದರೆ ಸ್ಕೀ ಕೊಡುವವನು 'ಜೂತೇ ಕಾ ನಂಬರ್?' ಅಂತಾನೆ, ನಾವು ಎಂಟು ಅಂತೀವಿ. ಚಳಿ ಅಂತ ಎರಡು ಜೊತೆ ಹತ್ತಿ ಸಾಕ್ಸ್ ಹಾಕಿರ್ತೀವಿ. ಮೊದಲು ಕೊಟ್ಟ ಬೂಟು ಬಿಗಿ ಅನ್ನಿಸುತ್ತೆ, ದೊಡ್ಡದು ಕೊಡಿ ಅಂತ ಕೇಳ್ತೀವಿ. ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿರ್ತಾರೆ, ಅವನು ಕೊಟ್ಟುಬಿಡ್ತಾನೆ. ಕಾಲು ಆರಾಮಾಗಿ ಒಳಗೆ ಕೂರುತ್ತೆ. ಅಲ್ಲಿಗೆ ಆ ದಿನದ ಸ್ಕೀಯಿಂಗ್ ಮುಗೀತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದನ್ನ ಅಲ್ಲಿ ಯಾರೂ ಹೇಳಲ್ಲ. ಸ್ಕೀಯನ್ನು ತಿರುಗಿಸೋದೂ ನಿಲ್ಲಿಸೋದೂ ಕಾಲೇ. ಮೊಣಕಾಲು ಒಳಕ್ಕೆ ವಾಲಿದರೆ ಆ ವಾಲು ಬೂಟಿನ ಗಟ್ಟಿ ಚಿಪ್ಪಿಗೆ, ಚಿಪ್ಪಿನಿಂದ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ಗೆ, ಅಲ್ಲಿಂದ ಸ್ಕೀಯ ಒಳ ಅಂಚಿಗೆ ಹೋಗಬೇಕು. ಮೊದಲ ದಿನ ಕಲಿಸುವ ಬ್ರೇಕು ಸ್ನೋ ಪ್ಲೋ: ಮುಂದಿನ ತುದಿಗಳು ಹತ್ತಿರ, ಹಿಂದಿನ ತುದಿಗಳು ದೂರ, ಹಂಚಿನ ಮನೆಯ ಮಾಡಿನ ಆಕಾರ. ಎರಡೂ ಒಳ ಅಂಚು ಹಿಮವನ್ನು ಕಚ್ಚಿದರೆ ಮಾತ್ರ ವೇಗ ಇಳಿಯುತ್ತೆ. ಬೂಟು ಸಡಿಲವಾಗಿದ್ದರೆ ಕಾಲು ಒಳಗೇ ತಿರುಗುತ್ತೆ, ಸ್ಕೀ ಮಾತ್ರ ನೇರ ಹೋಗುತ್ತೆ. ವೇಗ ಹೆಚ್ಚಿದ ಕೂಡಲೇ ಹೆದರಿ ಹಿಂದಕ್ಕೆ ವಾಲ್ತೀವಿ, ಮುಂಭಾಗದ ಮೇಲಿನ ಭಾರ ತಪ್ಪಿ ಇದ್ದ ಹಿಡಿತವೂ ಹೋಗುತ್ತೆ, ಬೀಳ್ತೀವಿ. ಗೈಡ್ ಬಂದು ಬಕಲ್‌ಗಳನ್ನು ಇನ್ನೂ ಬಿಗೀತಾನೆ. ಚಿಪ್ಪು ದೊಡ್ಡದಿರುವಾಗ ಬಕಲ್ ಎಷ್ಟು ಬಿಗಿದರೂ ಹಿಮ್ಮಡಿ ನಿಲ್ಲಲ್ಲ, ಪಾದದ ಮೇಲಿನ ರಕ್ತ ಓಡಾಟ ಮಾತ್ರ ನಿಲ್ಲುತ್ತೆ. ಬೆವರಿಗೆ ಒದ್ದೆಯಾದ ಹತ್ತಿ ಸಾಕ್ಸ್ ಬೇರೆ. ಬೆರಳು ಮರಗಟ್ಟುತ್ತೆ, ಮಂಡಿಯ ಕೆಳಗೆ ಕಾಲಿನ ಮುಂಭಾಗ ಬೂಟಿನ ಮೇಲಂಚಿಗೆ ಬಡಿದು ನೀಲಿಗಟ್ಟುತ್ತೆ. ಮನೆಗೆ ಬಂದು 'ಸ್ಕೀಯಿಂಗ್ ನಮ್ಮಂಥವರಿಗಲ್ಲ' ಅಂತಾರೆ. ಬೂಟು ಸರಿಯಿದ್ದಿದ್ದರೆ ಅದೇ ಜನ ಅದೇ ಇಳಿಜಾರಲ್ಲಿ ಎರಡು ಗಂಟೆಯಲ್ಲಿ ನಿಲ್ಲೋದು ಕಲೀತಿದ್ರು.

ಹಾಗಾಗಿ ಹೊರಡುವ ಮುಂಚೆಯೇ ಮೂವರ ಪಾದವನ್ನೂ ಅಳೆದಿಡಿ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗುರುತು ಹಾಕಿ, ಸ್ಕೇಲಿನಲ್ಲಿ ಸೆಂಟಿಮೀಟರ್ ನೋಡಿ. ಸ್ಕೀ ಬೂಟಿನ ನಂಬರ್ ಅಂದರೆ ಅದೇ ಸೆಂಟಿಮೀಟರ್: ಪಾದ 26 ಇದ್ದರೆ ಬೂಟು 26. ಚಿಪ್ಪುಗಳು ಪೂರ್ಣ ಅಳತೆಯಲ್ಲೇ ಬರೋದರಿಂದ 26ಕ್ಕೂ 26.5ಕ್ಕೂ ಸಾಮಾನ್ಯವಾಗಿ ಒಂದೇ ಚಿಪ್ಪು. ಒಳಗಿನ ಮೆತ್ತೆ ತೆಗೆಯೋಕೆ ಬಂದರೆ ತೆಗೆದು, ಬರಿ ಚಿಪ್ಪಿನಲ್ಲಿ ಬೆರಳು ಮುಂದೆ ತಾಗುವಂತೆ ನಿಲ್ಲಿ. ಹಿಮ್ಮಡಿ ಹಿಂದೆ ಒಂದೂವರೆಯಿಂದ ಎರಡು ಸೆಂ.ಮೀ. ಜಾಗ ಇರಬೇಕು, ಹೆಚ್ಚಿದ್ದರೆ ದೊಡ್ಡ ಬೂಟು. ತೆಳು ಉಣ್ಣೆಯ ಸಾಕ್ಸ್ ಒಂದೇ ಜೊತೆ, ಮೊಣಕಾಲಿನ ಹತ್ತಿರಕ್ಕೆ ಬರುವಷ್ಟು ಉದ್ದದ್ದು. ಬೂಟಿನೊಳಗೆ ಅದು ಬಿಟ್ಟು ಇನ್ನೇನೂ ಹೋಗಬಾರದು, ಥರ್ಮಲ್ ಪ್ಯಾಂಟಿನ ತುದಿ ಕೂಡ. ಕಾಲು ಹಾಕಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಮೇಲಿನ ಬಕಲ್ ಮೊದಲು ಹಾಕಿ, ಪಾದದ ಮೇಲಿನವು ಆಮೇಲೆ ಹಗುರವಾಗಿ. ನೇರ ನಿಂತಾಗ ಬೆರಳು ಮುಂದೆ ತಾಗಬೇಕು. ಮಂಡಿ ಬಗ್ಗಿಸಿದಾಗ ಬೆರಳು ಹಿಂದೆ ಸರಿದು, ಹಿಮ್ಮಡಿ ಕೂತಲ್ಲೇ ಇರಬೇಕು. ಬಿಗಿ ಅನ್ನಿಸೋದು ಸರಿ. ಹತ್ತು ನಿಮಿಷದಲ್ಲಿ ಜೋಮು ಹಿಡಿದರೆ ಮಾತ್ರ ಬದಲಿಸಿ.

ಸ್ಕೀ ನಿಮ್ಮ ಗದ್ದದ ಎತ್ತರ ಇದ್ದರೆ ಸಾಕು. ಉದ್ದದ್ದು ಕೊಟ್ಟರೆ ತಗೋಬೇಡಿ, ಮೊದಲ ದಿನ ತಿರುಗಿಸೋಕೆ ಕಷ್ಟ. ಬೈಂಡಿಂಗ್ ಮೇಲೆ ಸಣ್ಣ ಕಿಂಡಿಯಲ್ಲಿ ಒಂದು ಅಂಕಿ ಕಾಣುತ್ತೆ. ಬಿದ್ದಾಗ ಎಷ್ಟು ಬಲಕ್ಕೆ ಬೂಟು ಬಿಟ್ಟುಕೊಳ್ಳಬೇಕು ಅನ್ನೋದು ಅದರಿಂದ ತೀರ್ಮಾನ. ನಿಮಗಿಂತ ಮೊದಲು ಎಂಬತ್ತು ಕೆ.ಜಿ.ಯವನು ಹಾಕಿದ್ದ ಸ್ಕೀಯನ್ನು ಹಾಗೇ ಮಗನಿಗೆ ಕೊಟ್ಟರೆ, ಬಿದ್ದಾಗ ಸ್ಕೀ ಕಳಚಲ್ಲ, ಮಂಡಿ ತಿರುಚುತ್ತೆ. ತೂಕ ಹೇಳಿ, ಹೊಸಬರು ಅಂತ ಹೇಳಿ, ನಿಮ್ಮ ಕಣ್ಣೆದುರಿಗೇ ಸ್ಕ್ರೂ ತಿರುಗಿಸಿ ಕಮ್ಮಿ ಮಾಡಿಸಿಕೊಳ್ಳಿ. ಅವನು ಬೇಜಾರು ಮಾಡಿಕೊಂಡರೆ ಪಕ್ಕದವನ ಹತ್ತಿರ ಹೋಗಿ. ಹುಡುಗನಿಗೆ ಮೊದಲ ದಿನ ಕೋಲು ಬೇಡವೇ ಬೇಡ, ಕೈ ಖಾಲಿಯಿದ್ದರೆ ಮಕ್ಕಳು ಬೇಗ ಕಲೀತಾರೆ. ಹೆಲ್ಮೆಟ್ ಮಾತ್ರ ಕೇಳಿ ಪಡೀರಿ, ಅವರಾಗೇ ಕೊಡಲ್ಲ.

ಇನ್ನು ಊರು. ಸೋಲಂಗ್ ಮನಾಲಿಯಿಂದ ಸುಮಾರು 13 ಕಿ.ಮೀ., ಎತ್ತರ 2,500 ಮೀಟರ್ ಆಸುಪಾಸು. ಬುಡದಲ್ಲಿ ಹೊಸಬರಿಗೆ ಬೇಕಾದಂಥ ಅಗಲವಾದ ಮೆಲ್ಲನೆಯ ಇಳಿಜಾರಿದೆ. 1961ರಲ್ಲಿ ಶುರುವಾದ ಮನಾಲಿಯ ಪರ್ವತಾರೋಹಣ ಸಂಸ್ಥೆ, ಈಗಿನ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಸ್ಕೀ ತರಬೇತಿ ಕೊಡೋದು ಇಲ್ಲೇ. ಅದಕ್ಕೇ ಕಲಿಸೋಕೆ ಬರುವವರು ಇಲ್ಲಿ ಸಿಗ್ತಾರೆ. ಸಿಸ್ಸು ಇರೋದು 3,100 ಮೀಟರ್ ಎತ್ತರದಲ್ಲಿ, ಲಾಹೌಲ್‌ನಲ್ಲಿ, ಚಂದ್ರಾ ನದಿ ದಂಡೆಗೆ. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಎಲ್ಲರೂ ಅಲ್ಲಿಗೆ ಹೋಗೋದಾಯ್ತು. ನೋಟ ಅದ್ಭುತ, ಸುರಂಗದ ಆ ಬದಿ ಬೇರೆಯೇ ಲೋಕ. ಆದರೆ ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲ, ಪ್ರತಿ ಸಲ ಸ್ಕೀ ಹೊತ್ತು ಹತ್ತಬೇಕು. ಅಲ್ಲಿ ಆಮ್ಲಜನಕ ಸಮುದ್ರ ಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. 600 ಮೀಟರ್ ಎತ್ತರದ ದಾವಣಗೆರೆಯಿಂದ ಬಂದು, ಬಸ್ಸಿಳಿದ ದಿನವೇ ಅಲ್ಲಿ ಹತ್ತಿದರೆ ತಲೆನೋವು, ವಾಕರಿಕೆ ಬಂದರೆ ಆಶ್ಚರ್ಯವಿಲ್ಲ. ಎರಡು ರಾತ್ರಿ ಮನಾಲಿಯಲ್ಲಿ ಕಳೆದು, ಕೊನೇ ದಿನ ಸಿಸ್ಸು ನೋಡಿ ಬನ್ನಿ.

ನಿಮ್ಮ ಯೋಜನೆಯಲ್ಲಿ ನಾನು ಒಪ್ಪದೇ ಇರೋದು ಎರಡು. ಒಂದು, ಆ ತಾರೀಖು. ಇಲ್ಲಿನ ಹಿಮ ಬರೋದು ಮೆಡಿಟರೇನಿಯನ್ ಕಡೆಯಿಂದ ಹೊರಡುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋ ಮಳೆ-ಹಿಮದ ಮಾರುತಗಳಿಂದ, ಅವು ಜೋರಾಗೋದು ಜನವರಿ, ಫೆಬ್ರವರಿಯಲ್ಲಿ. ಡಿಸೆಂಬರ್ ಕೊನೆಗೆ ಸೋಲಂಗ್ ಬರೀ ಕಂದು ಹುಲ್ಲಾಗಿಯೂ ಇರಬಹುದು. ಹಿಮ ಬಿದ್ದರಂತೂ ರಸ್ತೆ ಕಟ್ಟುತ್ತೆ: 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ಗಾಡಿಗಳು ಸಿಕ್ಕಿಬಿದ್ದು ಪೊಲೀಸರು ರಾತ್ರಿಯಿಡೀ ಜನರನ್ನು ಹೊರತಂದರು. ಹಿಮ ಬಿದ್ದ ದಿನ ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಮುಂದಕ್ಕೆ ಬಿಡ್ತಾರೆ. ಮಗನಿಗೆ ಕ್ರಿಸ್‌ಮಸ್ ರಜೆ ಅನ್ನೋದು ಅರ್ಥವಾಗುತ್ತೆ, ಆದರೂ ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ರಜೆ ಹಾಕಿಸಿ, ಅಲ್ಲಿನ ಸ್ಕೀಯಿಂಗನ್ನು ಸೋಮವಾರದಿಂದ ಗುರುವಾರದೊಳಗೆ ಮುಗಿಸಿ. ಆ ಹೊತ್ತಿಗೆ ಲಾಹೌಲ್‌ನಲ್ಲಿ ಹಾಲ್ಡಾ ಹಬ್ಬದ ಕಾಲ. ದೇವರ ಶಾಂತಿ ಕೆಡಬಾರದು ಅಂತ ಸಿಸ್ಸು ಪಂಚಾಯಿತಿಯವರು ಫೆಬ್ರವರಿ ಕೊನೆವರೆಗೂ ಪ್ರವಾಸಿ ಚಟುವಟಿಕೆ ನಿಲ್ಲಿಸಿದ್ದುಂಟು, ಹಾಗಿದ್ದರೆ ಸಿಸ್ಸು ಬಿಟ್ಟುಬಿಡಿ. ಅದನ್ನ ಗೌರವಿಸಬೇಕು, ದುಡ್ಡು ಕೊಡ್ತೀವಿ ಬಿಡಿ ಅಂತ ಟ್ಯಾಕ್ಸಿಯವನ ಜೊತೆ ವಾದ ಮಾಡಬಾರದು. ಡಿಸೆಂಬರೇ ಖಚಿತ ಅನ್ನೋದಾದರೆ ಸ್ಕೀಯಿಂಗ್ ಆಸೆ ಬಿಟ್ಟು, ಎತ್ತರದ ಸಿಸ್ಸು ಕಡೆ ಹಿಮದಲ್ಲಿ ಆಡೋಕೆ ಅಂತಲೇ ಹೋಗಿ.

ಎರಡನೆಯದು, ಆ ಒಂದು ದಿನ. ಗೈಡ್ ಕೈ ಹಿಡಿದು ಇಪ್ಪತ್ತು ನಿಮಿಷ ಜಾರಿಸಿ ಫೋಟೊ ತೆಗೆಯುವ ಪ್ಯಾಕೇಜ್‌ಗೆ ದುಡ್ಡು ಕೊಡಬೇಡಿ. ಒಬ್ಬನೇ ಶಿಕ್ಷಕನನ್ನು ಸತತ ಮೂರು ಬೆಳಿಗ್ಗೆಗೆ ಮಾತಾಡಿಕೊಳ್ಳಿ, ದಿನಕ್ಕೆ ಎರಡು ಗಂಟೆ, ಒಂಬತ್ತೂವರೆಯಿಂದ. ಹನ್ನೊಂದೂವರೆ ಮೇಲೆ ಜಾರೋ ಟ್ಯೂಬು, ಕುದುರೆ, ಜನ ಎಲ್ಲ ಅದೇ ಇಳಿಜಾರಿಗೆ ಬರುತ್ತೆ, ಬಿಸಿಲಿಗೆ ಹಿಮವೂ ಗಸಿಯಾಗುತ್ತೆ. ಮೊದಲ ದಿನ ಬೀಳೋದು, ಏಳೋದು, ಅಡ್ಡಡ್ಡ ಹೆಜ್ಜೆ ಹಾಕಿ ಹತ್ತೋದು, ನಿಲ್ಲೋದರ ಶುರು. ಎರಡನೇ ದಿನ ನಿಲ್ಲೋದನ್ನ ಪಕ್ಕಾ ಮಾಡೋದು. ಮೂರನೇ ದಿನ ತಿರುವು. ಬೀಳುವಾಗ ಹಿಂದಕ್ಕಲ್ಲ, ಪಕ್ಕಕ್ಕೆ, ಸೊಂಟದ ಮೇಲೆ. ಏಳುವಾಗ ಎರಡೂ ಸ್ಕೀ ಇಳಿಜಾರಿಗೆ ಅಡ್ಡವಾಗಿರಬೇಕು, ಇಲ್ಲದಿದ್ದರೆ ಎದ್ದ ಕೂಡಲೇ ಜಾರಿ ಹೋಗ್ತೀರಿ.

ತೊಡೆಗೆ ತಯಾರಿ ಬೇಕು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ವ್ಯಾಯಾಮವನ್ನು ಒಂದು ತಿಂಗಳು ಮಾಡಿ, ಒಂದು ನಿಮಿಷ ತಡೆಯುವಷ್ಟಾದರೆ ಸಾಕು. ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ, ಹತ್ತೋದು ಹೇಗಾದರೂ ಹತ್ತಿ, ಇಳಿಯೋದು ಮಾತ್ರ ನಿಧಾನಕ್ಕೆ, ಮಂಡಿ ಬಗ್ಗಿಸಿಕೊಂಡು ಇಳೀರಿ. ಸ್ಕೀಯಲ್ಲಿ ತೊಡೆ ಮಾಡೋದು ಅದೇ ಕೆಲಸ. ನಿಮ್ಮೂರ ಮಂಡಿಪೇಟೆಯಲ್ಲಿ ದಪ್ಪ ಸ್ವೆಟರ್ ಕೊಳ್ಳೋಕೆ ದುಡ್ಡು ಹಾಕಬೇಡಿ. ಉಣ್ಣೆ ಸಾಕ್ಸ್, ಥರ್ಮಲ್, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಇವು ಸ್ವಂತದ್ದಿರಲಿ, ಉಳಿದದ್ದು ಬಾಡಿಗೆಗೆ ಸಿಗುತ್ತೆ. ಕೈಗವಸಿನ ಒಳಗೆ ಕೈ ಹಾಕಿ ಒಣಗಿದೆಯಾ ನೋಡಿಯೇ ತಗೊಳ್ಳಿ.

ದೆಹಲಿಯ ನಿಜಾಮುದ್ದೀನ್‌ಗೆ ಹೋಗುವ ಸಂಪರ್ಕ ಕ್ರಾಂತಿ ದಾವಣಗೆರೆಯಲ್ಲೇ ನಿಲ್ಲುತ್ತೆ, ರೈಲಿನ ಬುಕಿಂಗ್ ತೆರೆಯೋದು 60 ದಿನ ಮುಂಚೆ. ದೆಹಲಿಯಿಂದ ಮನಾಲಿಗೆ 530 ಕಿ.ಮೀ. ಆಸುಪಾಸು, ರಾತ್ರಿ ಬಸ್ಸಿಗೆ 12ರಿಂದ 14 ಗಂಟೆ. ವಾಪಸ್ ರೈಲಿಗೂ ಬಸ್ಸಿಗೂ ನಡುವೆ ಒಂದು ದಿನ ಖಾಲಿ ಬಿಟ್ಟುಕೊಳ್ಳಿ. ಹಿಮ ಬಿದ್ದು ರಸ್ತೆ ನಿಂತರೆ ಆ ದಿನ ಕೈ ಹಿಡಿಯುತ್ತೆ, ನಿಲ್ಲದಿದ್ದರೆ ಹುಡುಗನಿಗೆ ನಾಲ್ಕನೇ ಬೆಳಿಗ್ಗೆಯೂ ಇಳಿಜಾರು ಸಿಗುತ್ತೆ.