ಕ್ಯಾಲೆಂಡರಿನ ಬೆನ್ನಿಗೆ ಬರೆದ ಚಿತ್ರ

ಸೇಡಂ ತಾಲ್ಲೂಕಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದಿಂದ: "ನಮ್ಮ ಯಜಮಾನರು ಹೋಗಿ ಎಂಟು ತಿಂಗಳಾಯಿತು. ರಾತ್ರಿ ನಿದ್ದೆ ಹತ್ತುವುದಿಲ್ಲ. ಒಂದು ದಿನ ಮೊಮ್ಮಗಳ ಮೇಣದ ಬಣ್ಣ ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕೈ ಹೋದ ಹಾಗೆ ಗೀಚಿದೆ. ಅಂದಿನಿಂದ ದಿನವೂ ಗೀಚುತ್ತೇನೆ, ಎದೆ ಸ್ವಲ್ಪ ಹಗುರಾದ ಹಾಗೆ ಅನಿಸುತ್ತದೆ. ಆದರೆ ಬರುವುದೆಲ್ಲ ಕಪ್ಪು. ಓರಗಿತ್ತಿ ಅಪಶಕುನ ಎನ್ನುತ್ತಾಳೆ. ಮಗ ಮೊಬೈಲಿನಲ್ಲಿ ಒಂದು ಕೋರ್ಸು ಹುಡುಕಿದ್ದಾನೆ. ಮೂರು ಭಾನುವಾರ, ಎಂಟೂವರೆ ಸಾವಿರ ರೂಪಾಯಿ, ಕೊನೆಗೆ ಸರ್ಟಿಫಿಕೇಟು. ಸೇರಲೇ? ವೈದ್ಯರು ಕೊಟ್ಟ ನಿದ್ದೆಯ ಗುಳಿಗೆ ಬಿಡಲೇ? ಇದು ಔಷಧವೇ, ನನ್ನ ಹುಚ್ಚೇ?"

ಅಕ್ಕನವರಿಗೆ ಶರಣು.

ಲಕೋಟೆ ಒಡೆದಾಗ ಪತ್ರದ ಜೊತೆಗೆ, ನಾಲ್ಕು ಮಡಿಕೆ ಮಾಡಿದ ಆ ಹಾಳೆಯೂ ಇತ್ತು. ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಮೇಣ ಕರಗಿ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿದರೆ ಒಂದು ಮಗ್ಗುಲಿನ ಕಪ್ಪು ಇನ್ನೊಂದು ಮಗ್ಗುಲಿಗೆ ಅಚ್ಚಾಗಿತ್ತು. ಅರ್ಧ ಚಿತ್ರ ನಿಮ್ಮದು, ಅರ್ಧ ಬಿಸಿಲಿನದು. ಕೆಳಗಿನ ಮೂಲೆಯಲ್ಲಿ ಕಪ್ಪನ್ನು ಉಗುರಿನಿಂದ ಕೆರೆದಿದ್ದೀರಿ. ಅಲ್ಲಿ ಅಡಿಯಿಂದ ಅರಿಸಿನ ಬಣ್ಣ ಇಣುಕುತ್ತದೆ. ಅಂದರೆ ಕಪ್ಪಿಗೆ ಮೊದಲು ಅಲ್ಲಿ ಹಳದಿ ಇತ್ತು. ಪತ್ರದಲ್ಲಿ ಆ ಮಾತಿಲ್ಲ. ನಾನೂ ಕೇಳುವುದಿಲ್ಲ.

ಕಪ್ಪಿನ ತಕರಾರು ಮೊದಲು ಮುಗಿಸೋಣ. ಓರಗಿತ್ತಿಯವರಿಗೆ ಬೀದರಿನ ಕೆಲಸಗಾರರ ವಿಷಯ ಹೇಳಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಕಟ್ಟಕಡೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಅದರಿಂದ ಬಿದರಿ ಸಾಮಾನಿಗೆ ಕಪ್ಪು ಏರಿಸುತ್ತಾರೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪು ಸರಿಯಾಗಿ ಹತ್ತಬೇಕೆಂದು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡುವವರೂ ಇದ್ದಾರೆ. ಆ ಹೂದಾನಿಯನ್ನೇ ನಾವು ಮದುವೆಗೆ ಉಡುಗೊರೆ ಕೊಡುತ್ತೇವೆ; ಯಾರೂ ಅಪಶಕುನ ಎನ್ನುವುದಿಲ್ಲ. ಕಪ್ಪು ಎಂದರೆ ದುಃಖ, ಕೆಂಪು ಎಂದರೆ ಸಿಟ್ಟು ಎಂಬ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ. ಯಾರಿಗೆ ಗೊತ್ತು, ಮೊಮ್ಮಗಳು ಸೂರ್ಯ, ಹೂವು, ಗಿಡವೆಂದು ಉಳಿದ ಬಣ್ಣವನ್ನೆಲ್ಲ ತೇಯ್ದಿರಬಹುದು. ಡಬ್ಬಿಯಲ್ಲಿ ಉದ್ದ ಉಳಿದ ಕಡ್ಡಿ ಕಪ್ಪೊಂದೇ ಇದ್ದಿರಬಹುದು.

"ಇದು ಎಂಥ ಚಿತ್ರ?" ಎಂದು ಮನೆಯವರು ಕೇಳುವುದರಲ್ಲಿ ಪೂರ್ತಿ ತಪ್ಪಿಲ್ಲ. ನಮ್ಮದು ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಪುರಾಣದ ಕ್ಯಾಲೆಂಡರುಗಳನ್ನು ಬರೆದ ಆ ಕೈಯಲ್ಲಿ ದೇವರ ತೋಳಿನ ಸ್ನಾಯು ಕೂಡ ಎಣಿಸುವಷ್ಟು ಸ್ಪಷ್ಟ. ಅಂಥ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿಕೊಂಡು ಬೆಳೆದವರು ನಾವು. ಚಿತ್ರವೆಂದರೆ ಏನೋ ಒಂದರ ಹಾಗೆ ಕಾಣಬೇಕು ಎಂಬುದು ಕಣ್ಣಿಗೆ ಅಂಟಿದೆ. ನೀವು ಅದರ ಬೆನ್ನಿಗೆ ಬರೆಯುತ್ತಿದ್ದೀರಿ. ಅಲ್ಲಿಯ ಕಾನೂನು ಬೇರೆ.

ಆ ಕಾನೂನು ನಿಮಗೆ ಹೊಸದೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ್ದೀರಲ್ಲವೇ? ಒಂದರ ಕೋಡು ಮುರಿಯುತ್ತದೆ, ಇನ್ನೊಂದರ ಕಾಲು ಗಿಡ್ಡ. ಪೂಜೆಯಾಗುತ್ತದೆ, ಆಮೇಲೆ ನೀರಿಗೆ ಹೋಗುತ್ತದೆ. ಎತ್ತು ಎತ್ತಿನ ಹಾಗಿಲ್ಲ ಎಂದು ಯಾರೂ ಜಗಳ ತೆಗೆಯುವುದಿಲ್ಲ. ಕೈಗೆ ಮಣ್ಣು ಹತ್ತಿದ ಆ ಹೊತ್ತೇ ಹಬ್ಬ. ಇಂಗ್ಲಿಷಿನವರು 'ಇಂಟ್ಯೂಟಿವ್ ಪೇಂಟಿಂಗ್' ಎಂದು ಕರೆಯುವುದೂ ಹೆಚ್ಚುಕಡಿಮೆ ಇದನ್ನೇ: ಮೊದಲೇ ನಕ್ಷೆ ಹಾಕಿಕೊಳ್ಳದೆ, ಕೈ ಮುಂದೆ, ತಲೆ ಹಿಂದೆ.

ಇದಕ್ಕೆ ದೊಡ್ಡವರ ಸಾಕ್ಷಿ ಬೇಕೆಂದರೆ ರವೀಂದ್ರನಾಥ ಟಾಗೋರರಿದ್ದಾರೆ. ಚಿತ್ರಕಲೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಗೆರೆಯಿಂದ ಜೋಡಿಸುತ್ತ ಹೋದರು; ಕಾಟುಗಳೇ ಹಕ್ಕಿಗಳಾದವು, ಹೆಸರಿಲ್ಲದ ಪ್ರಾಣಿಗಳಾದವು. ಚಿತ್ರದಲ್ಲಿ ಪೂರ್ತಿ ಮುಳುಗಿದಾಗ ಅರವತ್ತು ದಾಟಿತ್ತು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವುಗಳ ಪ್ರದರ್ಶನವೇ ಆಯಿತು. ಕಾಟು ಹೊಡೆಯುವುದೇ ಕಸುಬಾದ ನನ್ನಂಥವನಿಗೆ ಈ ಸಂಗತಿ ಬಹಳ ಪ್ರಿಯ.

ನನ್ನದೂ ಒಂದಿದೆ, ಸಣ್ಣದು. ಅವ್ವ ತೀರಿದ ವರ್ಷ ಕರಡು ತಿದ್ದಲು ಕುಳಿತರೆ ಕೆಂಪು ಪೆನ್ನು ತಾನಾಗಿ ಪುಟದಂಚಿಗೆ ಹೋಗಿ ಚೌಕ ಬರೆಯುತ್ತಿತ್ತು. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು. ಒಂದು ದಿನ ಅಚ್ಚುಕೂಟದ ಹುಡುಗ ಹಾಳೆ ಹಿಡಿದುಕೊಂಡು ಬಂದ. "ಸರ್, ಇಲ್ಲಿ ಏನು ಸೇರಿಸಬೇಕು?" ತಿದ್ದುಪಡಿಯ ಗುರುತೆಂದು ತಿಳಿದಿದ್ದ. ಏನೂ ಇಲ್ಲ, ಬಿಡು ಎಂದೆ. ಅಂದು ಮನೆಗೆ ಹೋಗುವ ದಾರಿಯಲ್ಲಿ, ಮೂರು ತಿಂಗಳಲ್ಲಿ ಮೊದಲ ಸಲ, ಅತ್ತೆ.

ಇನ್ನು ಔಷಧವೇ ಎಂಬ ಪ್ರಶ್ನೆ. 'ಆರ್ಟ್ ಥೆರಪಿ' ಎಂಬ ಹೆಸರಿಟ್ಟವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್, 1942ರಲ್ಲಿ. ಕ್ಷಯ ತಗುಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಾಸಿಗೆಯಲ್ಲೇ ಚಿತ್ರ ಬರೆದು ಹೊತ್ತು ನೂಕಿದ್ದರು. ಆಮೇಲೆ ಉಳಿದ ರೋಗಿಗಳ ಕೈಗೂ ಪೆನ್ಸಿಲು ಕೊಟ್ಟರು. ಕ್ಷಯ ಚಿತ್ರದಿಂದ ವಾಸಿಯಾಗುವುದಿಲ್ಲ. ಮಲಗಿದವನ ದಿನ ವಾಸಿಯಾಗುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 39 ಜನರನ್ನು 45 ನಿಮಿಷ ಮಣ್ಣು, ಬಣ್ಣ, ಕಾಗದದ ತುಂಡುಗಳೊಂದಿಗೆ ಅವರಿಷ್ಟಕ್ಕೆ ಬಿಟ್ಟರು. ಮೊದಲೂ ಆಮೇಲೂ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಮನಸ್ಸಿಗೆ ಒತ್ತಡವಾದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನಿಮ್ಮ ಮಗನಿಗೆ ಈ ಸಾಲನ್ನು ಎರಡು ಸಲ ಓದಿ ಹೇಳಿ. ಆದರೆ 39 ಜನ, ಒಂದೇ ಬೈಠಕ್ಕು, ಕಾಲು ಭಾಗದವರಲ್ಲಿ ಇಳಿಯಲೇ ಇಲ್ಲ. ಇಷ್ಟರ ಮೇಲೆ ಗುಳಿಗೆ ಬಿಡುವ ಧೈರ್ಯ ಯಾರೂ ಕೊಡಬಾರದು. ನಾನೂ ಕೊಡುವುದಿಲ್ಲ.

ಗುಳಿಗೆಯ ಮಾತನ್ನು ಕೊಟ್ಟ ವೈದ್ಯರಲ್ಲೇ ಆಡಿ; ಬಿಡಿಸುವುದಿದ್ದರೆ ಅವರೇ ಕ್ರಮವಾಗಿ ಬಿಡಿಸಲಿ. ಊಟ ಸೇರದಿದ್ದರೆ, ಗೀಚಿದ ಮೇಲೆ ಎದೆ ಹಗುರಾಗುವ ಬದಲು ಇನ್ನಷ್ಟು ಕುಸಿದರೆ, ಇದ್ದು ಏನು ಮಾಡಲಿ ಎಂಬ ಯೋಚನೆ ಒಮ್ಮೆ ಸುಳಿದರೂ ಸಾಕು, ಹಾಳೆಯ ಮುಂದೆ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.

ಕೋರ್ಸು ಬೇಡ. ಮನೋಚಿಕಿತ್ಸೆಯಲ್ಲಿ ತರಬೇತಿ ಪಡೆದು ಚಿತ್ರವನ್ನು ಬಳಸುವವರ ಕೆಲಸವೇ ಬೇರೆ, ಅವರ ಮೇಲೆ ನನಗೆ ಗೌರವವಿದೆ. ಮೂರು ಭಾನುವಾರದಲ್ಲಿ ದುಃಖಕ್ಕೆ ಸರ್ಟಿಫಿಕೇಟು ಕೊಡುವವರ ಮೇಲೆ ಇಲ್ಲ. ಆ ದುಡ್ಡಿನಲ್ಲಿ ಮೊಮ್ಮಗಳಿಗೆ ಹೊಸ ಬಣ್ಣದ ಡಬ್ಬಿ ತನ್ನಿ. ನಿಮ್ಮಿಂದ ಆಕೆಯ ಕಪ್ಪು ಮುಗಿದಿರಬೇಕು. ನಿಮಗೂ ಒಂದು ಬೇರೆ ತೆಗೆದುಕೊಳ್ಳಿ. ಮಧ್ಯಾಹ್ನ ರೊಟ್ಟಿ ಕೆಲಸ ಮುಗಿದ ಮೇಲೆ ಅರ್ಧ ಗಂಟೆ, ಪರಸಿಯ ಮೇಲೆ ಹಾಳೆ ಹಾಸಿ ಕೂತರೆ ಸಾಕು. ಕಲ್ಲಿನ ತಂಪು ಕಾಲಿಗೂ ಒಳ್ಳೆಯದು. ಬರೆದದ್ದನ್ನು ಅಂದೇ ಯಾರಿಗೂ ತೋರಿಸಬೇಡಿ. ಅರ್ಥ ಹೇಳಲು ಬರುವವರಿಗಂತೂ ಎಂದೂ ಬೇಡ. ಮುಂದೆಂದಾದರೂ ರೇಖೆ ಕಲಿಯುವ ಆಸೆ ಹುಟ್ಟಿದರೆ ಕಲಿಯಿರಿ, ಅದು ಬೇರೆ ಸಂತೋಷ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿಮ್ಮ ಚಿತ್ರಕ್ಕೆ ಅರ್ಥ ಹುಡುಕಲಿಲ್ಲ, ನಿಜ. ಆದರೆ ಹಾಳೆಯನ್ನು ತಿರುವಿ ನೋಡಿದೆ. ಅದು ಕಳೆದ ವರ್ಷದ ಒಂದು ತಿಂಗಳು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಮೂರು ತಾರೀಖುಗಳ ಕೆಳಗೆ ಪೆನ್ಸಿಲಿನಲ್ಲಿ 'ಸೊಲ್ಲಾಪುರ' ಎಂದು ಬರೆದಿದೆ. ನಮ್ಮ ಕಡೆಯವರು ಸೊಲ್ಲಾಪುರದ ದೊಡ್ಡ ದವಾಖಾನೆಗಳಿಗೆ ಯಾವಾಗ ಹೋಗುತ್ತಾರೆಂದು ನನಗೂ ಗೊತ್ತು. ಮೂರನೆಯದರ ನಂತರ ಹಾಲಿನ ಲೆಕ್ಕವೂ ಇಲ್ಲ.

ಈ ಹಾಳೆ ನಮ್ಮ ಕಚೇರಿಯಲ್ಲಿ ಇರತಕ್ಕದ್ದಲ್ಲ. ಈ ಸಲ ಮಡಚದೆ, ನಡುವೆ ಬೆಣ್ಣೆ ಕಾಗದ ಇಟ್ಟು, ಎರಡು ರಟ್ಟಿನ ಮಧ್ಯೆ ಕಟ್ಟಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ತಲುಪಿದ ಮೇಲೆ ಒಂದು ಕಾರ್ಡು ಬರೆಯಿರಿ.

— ಸಂಪಾದಕ