ತಾಳೆಯಾಗದ ಮೂರನೆಯ ಪ್ರತಿ: ಗೋಪ್ಯ ಶಾಖೆಯ ಅಧಿಕಾರಿಯೊಬ್ಬರ ಆಪ್ತಸಲಹೆ ಪ್ರಕರಣ

ಬಂದವರು ಸರ್ಕಾರಿ ಕಚೇರಿಯೊಂದರ ಗೋಪ್ಯ ಶಾಖೆಯ ಅಧಿಕಾರಿ. ವಯಸ್ಸು ನಲವತ್ತು ದಾಟಿದೆ, ಸೇವೆ ಹದಿನೈದು ವರ್ಷಕ್ಕೂ ಹೆಚ್ಚು. ಆ ಶಾಖೆಯ ಪ್ರಭಾರ ವಹಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಒಂಬತ್ತು ದಿನದಿಂದ ಸರಿಯಾಗಿ ನಿದ್ದೆಯಿಲ್ಲ, ಎದೆ ಹಿಡಿದಂತಾಗುತ್ತದೆ, ಮನೆಗೆ ಬಂದ ಮೇಲೂ ಕಪಾಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಿಡುವುದಿಲ್ಲ ಎಂದರು. ಎರಡು ಸಲ ರಾತ್ರಿ ಕಚೇರಿಗೆ ವಾಪಸು ಹೋಗಿ ಬೀಗ ಎಳೆದು ನೋಡಿ ಬಂದಿದ್ದರು.

ಕಾರಣ ಇಷ್ಟು. ಅರ್ಧವಾರ್ಷಿಕ ಎಣಿಕೆಯಲ್ಲಿ ಒಂದು ರಹಸ್ಯ ದಾಖಲೆಯ ಐದು ಪ್ರತಿಗಳ ಪೈಕಿ ಮೂರನೆಯದು ಸಿಗಲಿಲ್ಲ. ರಿಜಿಸ್ಟರಿನ ಪ್ರಕಾರ ಅದು ಶಾಖೆಯಲ್ಲೇ ಇರಬೇಕು. ಕಪಾಟಿನಲ್ಲಿ ಇಲ್ಲ. ಅವರು ಯಾರಿಗೂ ಹೇಳಿರಲಿಲ್ಲ.

ಇಂಥ ಪ್ರಕರಣದಲ್ಲಿ ಮಾತು ಶುರುವಾಗುವ ಮುಂಚೆಯೇ ಒಂದು ಗೆರೆ ಎಳೆಯಬೇಕಾಗುತ್ತದೆ. ಈ ಕೋಣೆಯ ಮಾತು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಸಲಹೆಗಾರರಿಗೆ ರಹಸ್ಯ ದಾಖಲೆ ತಿಳಿಯುವ ಅಧಿಕಾರ ಕೊಡುವುದಿಲ್ಲ. ದಾಖಲೆಯ ವಿಷಯ, ಸಂಖ್ಯೆ, ಯಾರು ಯಾರಿಗೆ ಬರೆದದ್ದು, ಇವು ಯಾವುವೂ ಇಲ್ಲಿ ಬೇಡ ಎಂದು ಅವರಿಗೆ ಮೊದಲೇ ಹೇಳಲಾಯಿತು. ನಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಒಂದೇ ಸಾಲು: ಕೆಲಸದಲ್ಲಿ ಒಂದು ವಸ್ತು ಲೆಕ್ಕಕ್ಕೆ ಸಿಗುತ್ತಿಲ್ಲ ಎಂಬ ಆತಂಕ. ಮನಸ್ಸು ಹಗುರಾಗಲೆಂದು ಎಲ್ಲವನ್ನೂ ಹೇಳಿಸುವುದು ಆಪ್ತಸಲಹೆಯ ಸಾಮಾನ್ಯ ರೂಢಿ. ಇಲ್ಲಿ ಆ ರೂಢಿಯೇ ಎರಡನೆಯ ತಪ್ಪಿಗೆ ದಾರಿ ಮಾಡಿಕೊಡುತ್ತದೆ.

ಎರಡನೆಯ ತಪ್ಪು ಅಷ್ಟರಲ್ಲಾಗಲೇ ನಡೆದಿತ್ತು. ರಜೆಯ ಎರಡು ದಿನ ಕೂತು ತಾಳೆ ನೋಡೋಣವೆಂದು ಅವರು ರಿಜಿಸ್ಟರನ್ನೇ ಮನೆಗೆ ಒಯ್ದಿದ್ದರು. ಭೇಟಿಗೆ ಬಂದಾಗಲೂ ಅದು ಅವರ ಚೀಲದಲ್ಲಿತ್ತು. ದಾಖಲೆಗಳ ಶೀರ್ಷಿಕೆಯಲ್ಲೇ ಗುಟ್ಟು ಇದ್ದರೆ ಅವುಗಳ ಪಟ್ಟಿಯೂ ಅಷ್ಟೇ ಗುಟ್ಟು. ರಹಸ್ಯ ಕಾಗದ ಕಳೆದುಹೋಗುವುದು ಹೆಚ್ಚಾಗಿ ಇಂಥ ಪ್ರಯಾಣದಲ್ಲೇ. 2008ರ ಜೂನ್‌ನಲ್ಲಿ ಬ್ರಿಟನ್ನಿನ ಅಧಿಕಾರಿಯೊಬ್ಬರು ರೈಲಿನಲ್ಲಿ ಬಿಟ್ಟುಬಂದ ಅತಿ ರಹಸ್ಯ ಕಡತ ಸಹಪ್ರಯಾಣಿಕರ ಕೈಗೆ ಸಿಕ್ಕು ಬಿಬಿಸಿಗೆ ತಲುಪಿತ್ತು. ಆದ್ದರಿಂದ ಮೊದಲ ಭೇಟಿಯನ್ನು ಇಪ್ಪತ್ತು ನಿಮಿಷಕ್ಕೇ ಮುಗಿಸಿದೆವು. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆವು. ಇಲ್ಲ ಎಂದರು, ಆದರೆ 'ಕೆಲಸ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನಿಸುತ್ತೆ' ಎಂದರು. ಎದೆಯ ತೊಂದರೆಗೆ ವೈದ್ಯರನ್ನು ಕಾಣಲು ತಿಳಿಸಿ, ನೇರವಾಗಿ ಕಚೇರಿಗೆ ಹೋಗಿ ರಿಜಿಸ್ಟರನ್ನು ಕಪಾಟಿಗೆ ಸೇರಿಸಿ, ಅದು ಹೊರಗಿದ್ದ ಸಂಗತಿಯನ್ನೂ ಸೇರಿಸಿ ಅಂದೇ ಭದ್ರತಾ ಅಧಿಕಾರಿಗೆ ವರದಿ ಕೊಡಿ ಎಂದೆವು.

ವರದಿ ಎಂದೊಡನೆ ಅವರು ಕುಗ್ಗಿದರು. 'ಒಂಬತ್ತು ದಿನ ಸುಮ್ಮನಿದ್ದು ಈಗ ಹೇಳಿದರೆ ಇನ್ನೂ ಕೆಟ್ಟದಾಗಲ್ವಾ?' ಎಂದು ಕೇಳಿದರು. ಆ ಭಯದಲ್ಲಿ ಲೆಕ್ಕ ತಪ್ಪಿದೆ. ಹತ್ತನೆಯ ದಿನ ಹೇಳಿದ್ದು ಹನ್ನೊಂದನೆಯ ದಿನ ಹೇಳಿದ್ದಕ್ಕಿಂತ ಯಾವಾಗಲೂ ಮೇಲು. ಕಾಗದ ಕಳೆದಿದ್ದರೆ ಅದನ್ನು ಹೊರಡಿಸಿದ ಕಚೇರಿ ಮಾಡಬೇಕಾದ ಕೆಲಸವಿರುತ್ತದೆ: ಅದರಲ್ಲಿದ್ದುದು ಹೊರಗೆ ಗೊತ್ತಾಗಿದೆ ಎಂದೇ ಇಟ್ಟುಕೊಂಡು ಯೋಜನೆ ಬದಲಿಸಬೇಕೆ, ಸಂಕೇತ ಬದಲಿಸಬೇಕೆ, ಯಾರನ್ನಾದರೂ ಎಚ್ಚರಿಸಬೇಕೆ ಎಂದು ನೋಡುವುದು. ವರದಿ ಬರುವವರೆಗೆ ಆ ಕೆಲಸ ಶುರುವೇ ಆಗುವುದಿಲ್ಲ. ಕಾನೂನು ಕೂಡ ಇದನ್ನು ಗುರುತಿಸುತ್ತದೆ. ಅಮೆರಿಕದ ಬೇಹುಗಾರಿಕೆ ತಡೆ ಕಾನೂನಿನಲ್ಲಿ ರಕ್ಷಣಾ ದಾಖಲೆ ಕಳೆದದ್ದು ಗೊತ್ತಿದ್ದೂ ಮೇಲಧಿಕಾರಿಗೆ ಕೂಡಲೇ ತಿಳಿಸದಿರುವುದೇ ಪ್ರತ್ಯೇಕ ಅಪರಾಧ. ಭಾರತದ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ 5ನೇ ಸೆಕ್ಷನ್ನೂ ಬ್ರಿಟನ್ನಿನ 1989ರ ಕಾಯ್ದೆಯ 8ನೇ ಸೆಕ್ಷನ್ನೂ ಸಾಕಷ್ಟು ಜಾಗ್ರತೆ ವಹಿಸದಿರುವುದನ್ನು ಅಪರಾಧವೆನ್ನುತ್ತವೆ. ಕಾನೂನಿನ ಪ್ರಶ್ನೆಗೆ ವಕೀಲರೇ ಬೇಕು ಎಂದು ಸ್ಪಷ್ಟವಾಗಿ ಹೇಳಿದೆವು. ದಾಖಲೆಯ ವಿಷಯವನ್ನು ವಕೀಲರಿಗೂ ಹೇಳುವಂತಿಲ್ಲ.

ವರದಿಯಲ್ಲಿ ಏನಿರಬೇಕು ಎಂಬುದನ್ನು ಅವರ ಬಾಯಿಂದಲೇ ಒಂದೊಂದಾಗಿ ಹೇಳಿಸಿದೆವು. ದಾಖಲೆ ಸಂಖ್ಯೆ, ಪ್ರತಿ ಸಂಖ್ಯೆ, ಪುಟಗಳೆಷ್ಟು. ಕೊನೆಯ ಸಹಿ ಯಾರದು, ಎಂದಿನದು. ಕಾಣೆಯಾದದ್ದು ಗೊತ್ತಾದ ದಿನ ಮತ್ತು ವರದಿ ಕೊಡುತ್ತಿರುವ ದಿನ, ಎರಡೂ, ಇದ್ದದ್ದು ಇದ್ದ ಹಾಗೆ. ಬೀಗದ ಕೈ ಯಾರ ಯಾರ ಬಳಿ ಇತ್ತು, ಎಲ್ಲೆಲ್ಲಿ ಹುಡುಕಿಯಾಗಿದೆ. ಹಿಂದಿನವರೇ ಕಳೆದಿರಬೇಕು ಎಂಬ ಊಹೆ ಬೇಡ, ಕ್ಷಮೆ ಕೇಳುವ ಉದ್ದದ ಪೀಠಿಕೆಯೂ ಬೇಡ. ಇದನ್ನು ಫೋನಿನಲ್ಲಾಗಲಿ ಸಾಮಾನ್ಯ ಇಮೇಲಿನಲ್ಲಾಗಲಿ ಕಳಿಸದೆ ಕೈಯಲ್ಲೇ ಒಪ್ಪಿಸಿ ಸ್ವೀಕೃತಿ ಪಡೆಯಬೇಕು.

ಮಾಡಬಾರದ್ದನ್ನೂ ಹೇಳಿದೆವು, ಏಕೆಂದರೆ ಅವೆಲ್ಲ ಅವರ ಮನಸ್ಸಿನಲ್ಲಿ ಸುಳಿದುಹೋಗಿದ್ದವು. ಉಳಿದ ಪ್ರತಿಯೊಂದರ ಜೆರಾಕ್ಸ್ ತೆಗೆದು ಅದಕ್ಕೆ 3 ಎಂದು ನಂಬರು ಹಾಕುವುದು, ಹಳೆಯ ದಿನಾಂಕ ಹಾಕಿ 'ನಾಶಪಡಿಸಲಾಗಿದೆ' ಎಂದು ಷರಾ ಬರೆಯುವುದು, ನಮೂದಿನ ಮೇಲೆ ವೈಟ್‌ನರ್ ಬಳಿಯುವುದು. ಅಜಾಗ್ರತೆ ವಂಚನೆಯಾಗಿ ಬದಲಾಗುವುದು ಇಲ್ಲೇ. ರಿಜಿಸ್ಟರಿನಲ್ಲಿ ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮತ್ತು ಆ ದಿನದ ತಾರೀಖು ಹಾಕಬೇಕು.

ಅವರು ಅಂದೇ ಸಂಜೆ ವರದಿ ಕೊಟ್ಟರು. ಮೂರು ದಿನದಲ್ಲಿ ಪ್ರತಿ ಸಿಕ್ಕಿತು. ಹಿಂದಿನ ಅಧಿಕಾರಿ ಅದನ್ನು ಇನ್ನೊಂದು ಶಾಖೆಗೆ ಬರೀ ಚೀಟಿಯ ಮೇಲೆ ಕೊಟ್ಟಿದ್ದರು, ಅಲ್ಲಿ ಅದು ಬೇರೊಂದು ಕಡತಕ್ಕೆ ಅನುಬಂಧವಾಗಿ ಸೇರಿಹೋಗಿತ್ತು. ಈ ಅಧಿಕಾರಿ ತಾವೊಬ್ಬರೇ ಇನ್ನೊಂದು ತಿಂಗಳು ಹುಡುಕಿದ್ದರೂ ಸಿಗುತ್ತಿರಲಿಲ್ಲ: ಬೇರೆ ಶಾಖೆಯ ಕಪಾಟು ತೆರೆಸುವ ಅಧಿಕಾರ ಅವರಿಗಿರಲಿಲ್ಲ, ಭದ್ರತಾ ಅಧಿಕಾರಿಗೆ ಇತ್ತು. ತಡವಾಗಿ ತಿಳಿಸಿದ್ದಕ್ಕೂ ರಿಜಿಸ್ಟರು ಹೊರಗೆ ಒಯ್ದದ್ದಕ್ಕೂ ಲಿಖಿತ ಎಚ್ಚರಿಕೆ ಬಂತು. ನ್ಯಾಯವಾದದ್ದೇ ಎಂದು ನಮ್ಮ ಅಭಿಪ್ರಾಯ, ಅವರೂ ಹಾಗೇ ಅಂದರು.

ಆದರೆ ರಾತ್ರಿಯ ಸಂಶಯ ಹೋಗಲಿಲ್ಲ. ಮುಂದಿನ ಐದು ಭೇಟಿಗಳು ಅದಕ್ಕೇ ಮೀಸಲಾದವು.

ಸಂಜೆ ಹೊರಡುವ ಮುನ್ನ ಅವರು ಹನ್ನೊಂದು ಸಲ ಬೀಗ ನೋಡುತ್ತಿದ್ದರು. ಸಲ ಹೆಚ್ಚಿದಷ್ಟೂ ನಂಬಿಕೆ ಕಡಿಮೆಯಾಗುತ್ತಿತ್ತು. ಇದು ಅವರೊಬ್ಬರ ದೌರ್ಬಲ್ಯವಲ್ಲ. 2003ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಜನರಿಂದ ಕಂಪ್ಯೂಟರಿನ ಮೇಲೆ ಒಂದು ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಅವರ ನೆನಪು ಸರಿಯಾಗೇ ಇತ್ತು, ಆದರೆ ಆ ನೆನಪಿನ ಮೇಲಿನ ವಿಶ್ವಾಸ ಕುಸಿದಿತ್ತು. ಹನ್ನೊಂದೂ ಸಲ ಒಂದೇ ಥರ ಇದ್ದಾಗ ಯಾವುದು ಇವತ್ತಿನದು, ಯಾವುದು ನಿನ್ನೆಯದು ಎಂದು ಮನಸ್ಸಿಗೆ ಬೇರ್ಪಡಿಸಲಾಗುವುದಿಲ್ಲ.

ಗೋಪ್ಯ ಶಾಖೆಯ ಹಳೆಯ ಪದ್ಧತಿಯಲ್ಲೇ ಇದಕ್ಕೆ ಮದ್ದಿದೆ. ತಿಜೋರಿಯ ಬಾಗಿಲಿಗೆ ಒಂದು ಕಾರ್ಡು: ತೆರೆದ ಹೊತ್ತು, ತೆರೆದವರ ಸಹಿ, ಮುಚ್ಚಿದ ಹೊತ್ತು, ಮುಚ್ಚಿದವರ ಸಹಿ, ಸಾಧ್ಯವಾದರೆ ಬೇರೊಬ್ಬರು ಪರೀಕ್ಷಿಸಿದ ಸಹಿ. ಬೀಗ ಹಾಕಿ, ಹಿಡಿಕೆ ಒಮ್ಮೆ ಎಳೆದು, ಗಡಿಯಾರ ನೋಡಿ, ಹೊತ್ತು ಬರೆದು ಸಹಿ ಮಾಡಿ ಹೊರಡುವುದು. ಬೀಗಕ್ಕೆ ಮುಂಚೆಯೇ ಸಹಿ ಮಾಡಿಟ್ಟರೆ ಕಾರ್ಡು ಸತ್ತಂತೆ. ಮೊದಲ ವಾರ ಮೂರು ಸಲ ನೋಡಲು ಬಿಟ್ಟೆವು, ಎರಡನೆಯ ವಾರ ಎರಡು, ಆಮೇಲೆ ಒಂದೇ. ಸಂಶಯ ಬಂದಾಗ ಕಚೇರಿಗೆ ಹೋಗದೆ ಅದು ತಾನಾಗಿ ಇಳಿಯುವವರೆಗೆ ಕಾಯುವುದು. ಎಂದಿನಂತೆ ಆತಂಕದ ದಿನಚರಿ ಬರೆಯಿರಿ ಎಂದು ಇಂಥವರಿಗೆ ಹೇಳುವಾಗ ಎಚ್ಚರ ಬೇಕು. ಹೊತ್ತು, ದೇಹದಲ್ಲಾದದ್ದು, ಎಷ್ಟು ನಿಮಿಷದಲ್ಲಿ ಇಳಿಯಿತು, ಇಷ್ಟು ಮಾತ್ರ ಬರೆಸಿದೆವು. ಮನೆಯವರು ಕೇಳಿದರೆ 'ಒಂದು ಲೆಕ್ಕ ತಾಳೆಯಾಗಿರಲಿಲ್ಲ, ಮೇಲಿನವರಿಗೆ ತಿಳಿಸಿದ್ದೇನೆ' ಎಂಬ ಮಾತು ಸಾಕು, ಅದು ಸುಳ್ಳೂ ಅಲ್ಲ.

ಆತಂಕದ ಇನ್ನೊಂದು ಬೇರು ಪದ್ಧತಿಯ ಸಡಿಲಿಕೆಯಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಪ್ರಭಾರ ವಹಿಸಿಕೊಂಡು, ಎಣಿಸದೆ 'ಪಟ್ಟಿಯಂತೆ ಸರಿಯಿದೆ' ಎಂದು ಸಹಿ ಹಾಕಿದ್ದರು. ಎಲ್ಲವೂ ತಲೆಯಲ್ಲೇ ಇರಬೇಕು ಎಂದಾಗ ತಲೆ ದಣಿಯುತ್ತದೆ. ಸಹಿಯ ಸರಪಳಿ ಗಟ್ಟಿಯಿದ್ದರೆ ನೆನಪಿಗೆ ಅಷ್ಟು ಭಾರವಿರುವುದಿಲ್ಲ. ಅವರೊಂದಿಗೆ ಕೂತು ಶಾಖೆಗೆ ಬೇಕಾದ ಕ್ರಮವನ್ನು ಬರೆದೆವು, ಯಾವ ದಾಖಲೆಯ ಹೆಸರೂ ಬಾರದಂತೆ.

ಪ್ರತಿ ರಹಸ್ಯ ದಾಖಲೆಗೂ ಸಂಖ್ಯೆ, 'ಐದರಲ್ಲಿ ಮೂರನೆಯ ಪ್ರತಿ' ಎಂಬ ಗುರುತು, ಮೊದಲ ಪುಟದಲ್ಲೇ ಒಟ್ಟು ಪುಟ. ಕೈ ಬದಲಾಗುವಾಗಲೆಲ್ಲ, ಪಕ್ಕದ ಮೇಜಿಗೆ ಹೋದರೂ, ರಿಜಿಸ್ಟರಿನಲ್ಲಿ ಸಹಿ. ಚೀಟಿಯ ಮೇಲೆ ಕೊಡುವುದು ಬಂದ್. ಹೊರಗೆ ಕಳಿಸುವಾಗ ಎರಡು ಲಕೋಟೆ: ಒಳಗಿನದರ ಮೇಲೆ ಗೋಪ್ಯತೆಯ ದರ್ಜೆ, ಪಡೆಯುವವರ ಹೆಸರು, ಸೀಲು. ಹೊರಗಿನದರ ಮೇಲೆ ವಿಳಾಸ ಬಿಟ್ಟು ಏನೂ ಇಲ್ಲ. ಒಳಗೆ ಸ್ವೀಕೃತಿ ಚೀಟಿ. ಅದು ಗೊತ್ತುಪಡಿಸಿದ ದಿನದೊಳಗೆ ಸಹಿಯಾಗಿ ಬಾರದಿದ್ದರೆ ಕಳಿಸಿದವರೇ ಬೆನ್ನು ಹತ್ತಬೇಕು. ಕರಡು, ಕೈಬರಹದ ಟಿಪ್ಪಣಿ, ಪೆನ್‌ಡ್ರೈವ್ ಎಲ್ಲಕ್ಕೂ ಮೂಲ ದಾಖಲೆಯದೇ ದರ್ಜೆ. ಜೆರಾಕ್ಸ್ ತೆಗೆದರೆ ಅದು ಹೊಸ ಪ್ರತಿ, ಹೊಸ ನಮೂದು. ಯಂತ್ರದ ಹಾರ್ಡ್ ಡಿಸ್ಕಿನಲ್ಲೂ ಚಿತ್ರ ಉಳಿಯಬಹುದು, ಆದ್ದರಿಂದ ಅನುಮತಿಯಿರುವ ಯಂತ್ರದಲ್ಲಿ ಮಾತ್ರ. ಸಿಬ್ಬಂದಿ ವರ್ಗವಾದಾಗ ಅಥವಾ ತಿಜೋರಿ ತೆರೆದೇ ಇದ್ದದ್ದು ಕಂಡಾಗ ಅದರ ಬೀಗ ತೆರೆಯುವ ಗುಟ್ಟಿನ ಸಂಖ್ಯೆ ಬದಲಿಸಬೇಕು.

ನಾಶಪಡಿಸಲು ಇಬ್ಬರು, ಇಬ್ಬರ ಸಹಿಯ ಪ್ರಮಾಣಪತ್ರ. ಉದ್ದನೆ ಪಟ್ಟಿಯಾಗಿ ಸೀಳುವ ಶ್ರೆಡರ್ ಸಾಲದು. 1979ರಲ್ಲಿ ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ಹಾಗೆ ಸೀಳಿದ್ದ ಕಾಗದಗಳನ್ನು ಕಚೇರಿಯನ್ನು ವಶಪಡಿಸಿಕೊಂಡವರು ಕೂಡಿಸಿ ಪುಸ್ತಕಗಳಾಗಿ ಅಚ್ಚು ಹಾಕಿದ್ದರು. ಜರ್ಮನ್ ಮಾನದಂಡ ಡಿಐಎನ್ 66399ರ ಪಿ-5 ದರ್ಜೆಯಲ್ಲಿ ತುಣುಕು 30 ಚದರ ಮಿಲಿಮೀಟರ್ ಮೀರಬಾರದು, ಅತ್ಯಂತ ಬಿಗಿಯಾದ ಪಿ-7ರಲ್ಲಿ 5 ಚದರ ಮಿಲಿಮೀಟರ್. ಹಳೆ ಕಪಾಟು ವಿಲೇವಾರಿ ಮಾಡುವ ಮುನ್ನ ಪ್ರತಿ ಖಾನೆಯನ್ನೂ ತೆರೆದು ನೋಡಬೇಕು. 2018ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕೀಲಿಯಿಲ್ಲವೆಂದು ಹಾಗೇ ಮಾರಿದ ಬೀರುಗಳೊಳಗೆ ಸಚಿವ ಸಂಪುಟದ ಕಡತಗಳಿದ್ದುದು ಬಯಲಾಯಿತು.

ಮಾತಿನ ನಡುವೆ ಅವರು ಹೇಳಿದ ಒಂದು ಸಂಗತಿ ಮುಖ್ಯವಾದದ್ದು. ಶಾಖೆಗೆ ಬರುವ ಸಾಮಾನ್ಯ ಪತ್ರಗಳಿಗೂ ಕೆಂಪು ಮೊಹರು ಬಿದ್ದಿರುತ್ತದೆಯಂತೆ. ಎಲ್ಲವೂ ರಹಸ್ಯವಾದರೆ ನಿಜವಾದ ರಹಸ್ಯದ ಮೇಲಿನ ಗಮನ ಮಂಕಾಗುತ್ತದೆ. ಬ್ರಿಟನ್ 2014ರಲ್ಲಿ ತನ್ನ ದರ್ಜೆಗಳನ್ನು ಮೂರಕ್ಕೆ ಇಳಿಸಿತು. ಅಮೆರಿಕದ 2009ರ ಅಧ್ಯಕ್ಷೀಯ ಆದೇಶ 13526 ಮುಜುಗರ ಅಥವಾ ಅದಕ್ಷತೆ ಮುಚ್ಚಿಡಲು ದರ್ಜೆ ಹಾಕುವುದನ್ನು ನಿಷೇಧಿಸುತ್ತದೆ. ದರ್ಜೆ ಇಳಿಸಿ ಎಂದು ಹೊರಡಿಸಿದ ಕಚೇರಿಗೆ ಬರೆದು ಕೇಳುವುದು ಅವಿಧೇಯತೆಯಲ್ಲ. ಆದರೆ ಉತ್ತರ ಬರುವವರೆಗೆ ಈಗಿರುವ ದರ್ಜೆಯಂತೆಯೇ ನಡೆದುಕೊಳ್ಳಬೇಕು.

ಆರನೆಯ ಭೇಟಿಯ ಹೊತ್ತಿಗೆ ಬೀಗ ಒಂದೇ ಸಲ, ನಿದ್ದೆ ಆರು ಗಂಟೆ. ಆಮೇಲೆ ಅವರಿಗೆ ವರ್ಗವಾಯಿತು. ಪ್ರಭಾರ ಹಸ್ತಾಂತರಕ್ಕೆ ಈ ಸಲ ಎರಡು ಪೂರ್ತಿ ದಿನ ಹಿಡಿಯಿತು. ಹೊಸಬರೊಂದಿಗೆ ಕೂತು ಪ್ರತಿ ದಾಖಲೆಯನ್ನು ಕೈಯಲ್ಲಿ ಹಿಡಿದು, ಅತಿ ರಹಸ್ಯದವನ್ನು ಪುಟ ಪುಟ ಎಣಿಸಿ ಒಪ್ಪಿಸಿದರು. ನಾಲ್ಕು ಕಡೆ ವ್ಯತ್ಯಾಸ ಕಂಡಿತು. ನಾಲ್ಕನ್ನೂ ಷರಾದಲ್ಲಿ ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿದರು.