ಇನ್ವರ್ಸ್ ಟ್ರಿಗ್ನಾಮೆಟ್ರಿಯ ಆರು ಡೆರಿವೇಟಿವ್ ಸೂತ್ರ ಬಾಯಿಪಾಠ ಮಾಡೋದು ಹೇಗೆ?

ಮಂಡ್ಯದಿಂದ ಮೈಸೂರಿಗೆ ಟ್ಯೂಷನ್‌ಗೆ ಹೋಗುವ ರೈಲು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಆ ಆರನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದವನು ನಾನು. ಸೆಕೆಂಡ್ ಪಿಯುಸಿ. ಟ್ಯೂಷನ್‌ನವರು ಒಂದು ಟೆಸ್ಟ್ ಇಟ್ಟಿದ್ದರು, ಗಣಿತದಲ್ಲಿ ಪೂರ್ತಿ ಅಂಕ ತೆಗೆದರೆ ಅರ್ಧ ಫೀಸು ಮಾಫಿ. ನನಗೆ ಒಂದೇ ಒಂದು ಅಂಕ ಹೋಯಿತು. ಕಬ್ಬಿನ ದುಡ್ಡು ಇನ್ನೂ ಬಂದಿರಲಿಲ್ಲ, ಅಪ್ಪ ಕೈಸಾಲ ಮಾಡಿ ಪೂರ್ತಿ ಕಟ್ಟಿದರು.

ಲೆಕ್ಕ ಇದು. ಒಂದು ಭಿನ್ನರಾಶಿ: ಮೇಲೆ 2ಎಕ್ಸ್, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್. ಅದರ ಸೈನ್ ಇನ್ವರ್ಸ್ ತಗೊಂಡು, ಎಕ್ಸ್ 2 ಇದ್ದಾಗ ಡೆರಿವೇಟಿವ್ ಹೇಳಬೇಕು. ಎಕ್ಸ್ ಜಾಗದಲ್ಲಿ ಟ್ಯಾನ್ ಥೀಟಾ ಹಾಕಿದೆ, ಒಳಗಿನದು ಸೈನ್ 2ಥೀಟಾ ಆಯಿತು. ಸೈನ್ ಇನ್ವರ್ಸ್, ಸೈನ್ ಎರಡನ್ನೂ ಹೊಡೆದುಹಾಕಿದೆ. ಉಳಿದದ್ದು 2 ಟ್ಯಾನ್ ಇನ್ವರ್ಸ್ ಎಕ್ಸ್. ಟ್ಯಾನ್ ಇನ್ವರ್ಸ್‌ನ ಸೂತ್ರ (ಮೇಲೆ 1, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್) ಹಾಕಿ 2/5 ಬರೆದೆ. ಸರಿ ಉತ್ತರ ಮೈನಸ್ 2/5.

ಯಾಕೆ? ಸೈನ್ ಇನ್ವರ್ಸ್ ಯಾವತ್ತೂ ಮೈನಸ್ 90ರಿಂದ 90 ಡಿಗ್ರಿ ಒಳಗೇ ಉತ್ತರ ಕೊಡುತ್ತದೆ. ಎಕ್ಸ್ 2 ಆದರೆ ಥೀಟಾ ಸುಮಾರು 63.4, 2ಥೀಟಾ 126.9. ಅದು ಹೊರಗೆ ಹೋಯಿತಲ್ವಾ? ಹಾಗಾಗಿ ಹೊಡೆದುಹಾಕೋ ಹಾಗಿಲ್ಲ. ನಿಜವಾಗಿ ಬರೋದು 180ರಲ್ಲಿ 2ಥೀಟಾ ಕಳೆದದ್ದು, ಅಂದರೆ 53.1. ಆ ಕಳೆಯೋದರಿಂದಲೇ ಮೈನಸ್ ಬರೋದು. ಸುಮ್ನೆ ಎಕ್ಸ್‌ಗೆ 1 ಹಾಕಿ ನೋಡಿದ್ದರೂ ಸಾಕಿತ್ತು: ಆಗ 90 ಡಿಗ್ರಿ, 2ಕ್ಕೆ 53. ಇಳೀತಾ ಇರೋದಕ್ಕೆ ಪ್ಲಸ್ ಡೆರಿವೇಟಿವ್ ಬರೆದಿದ್ದೆ ನಾನು!

ಅದಕ್ಕೇ ಹೇಳೋದು, ಬಾಯಿಪಾಠ ಬೇಡ. ನನಗೆ ಆರೂ ಬಾಯಿಗೆ ಬರುತ್ತಿತ್ತು, ಏನು ಬಂತು? ವೈ ಅನ್ನೋದು ಸೈನ್ ಇನ್ವರ್ಸ್ ಎಕ್ಸ್ ಅಂದರೆ ಸೈನ್ ವೈ = ಎಕ್ಸ್. ಎರಡೂ ಕಡೆ ಡಿಫರೆನ್ಷಿಯೇಟ್ ಮಾಡಿ, 1 ಭಾಗ ಕಾಸ್ ವೈ ಸಿಗುತ್ತದೆ. ಕಾಸ್ ವೈ ಅಂದರೆ 1 ಮೈನಸ್ ಎಕ್ಸ್ ಸ್ಕ್ವೇರ್‌ನ ವರ್ಗಮೂಲ. ಪ್ಲಸ್ಸೇ ಯಾಕೆ, ಮೈನಸ್ ಯಾಕಲ್ಲ? ಮತ್ತದೇ ಮೈನಸ್ 90ರಿಂದ 90, ಅದರೊಳಗೆ ಕಾಸ್ ಮೈನಸ್ ಆಗೋದೇ ಇಲ್ಲ. ಈ ಪ್ರಶ್ನೆ ಕೇಳೋ ಅಭ್ಯಾಸ ನನಗಿದ್ದಿದ್ದರೆ ಅಪ್ಪನ ದುಡ್ಡು ಉಳೀತಿತ್ತು. ಟ್ಯಾನ್, ಸೆಕ್ ಕೂಡ ಹೀಗೇ ಮಾಡಿ. ಉಳಿದ ಮೂರು ಇವಕ್ಕೇ ಮೈನಸ್ ಹಾಕಿದವು, ಯಾಕಂದರೆ ಸೈನ್ ಇನ್ವರ್ಸ್ ಎಕ್ಸ್, ಕಾಸ್ ಇನ್ವರ್ಸ್ ಎಕ್ಸ್ ಕೂಡಿದರೆ ಯಾವಾಗಲೂ 90; ಟ್ಯಾನ್-ಕಾಟ್, ಸೆಕ್-ಕೊಸೆಕ್ ಜೋಡಿಗಳೂ ಹಾಗೇ.

ಒಂದು ಲೆಕ್ಕ ಕೊಡ್ತೀನಿ. ಮೇಲೆ 1 ಮೈನಸ್ ಎಕ್ಸ್ ಸ್ಕ್ವೇರ್, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್, ಅದರ ಕಾಸ್ ಇನ್ವರ್ಸ್. ಎಕ್ಸ್ ಮೈನಸ್ 1 ಇದ್ದಾಗ ಡೆರಿವೇಟಿವ್ ಮೈನಸ್ 1 ಬರಬೇಕು. ಪ್ಲಸ್ 1 ಬಂದರೆ ನೀವು ಮಾಡಿದ್ದನ್ನು ಕೆಳಗೆ ಬರೆಯಿರಿ, ನೋಡೋಣ.